ನಲ್ಲಿ ನೀರಿನ ಋಣ

ಅನ್ನದ ಋಣ, ನೀರಿನ ಋಣ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗಾದರೆ ಅಡುಗೆಮನೆಯ ನಲ್ಲಿ ತಿರುಗಿಸಿ ಬಿಂದಿಗೆ ತುಂಬಿಕೊಳ್ಳುವ ನಾವು ಯಾರ ಋಣದಲ್ಲಿದ್ದೇವೆ?

ಬೆಂಗಳೂರಿನ ಕೆರೆಗಳ ಚರಿತ್ರೆಯನ್ನು ಹುಡುಕಿ ತೆಗೆದ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರ ಬರಹಗಳನ್ನು ಓದಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಂದು ಕಂಠೀರವ ಕ್ರೀಡಾಂಗಣವಿರುವಲ್ಲಿ ಒಂದು ಕಾಲಕ್ಕೆ ಸಂಪಂಗಿ ಕೆರೆಯಿತ್ತು. ಅದನ್ನು ನಂಬಿ ತಿಗಳರು ತೋಟ ಮಾಡಿಕೊಂಡಿದ್ದರು. 1809ರಲ್ಲಿ ಬ್ರಿಟಿಷರ ದಂಡು ಬಂತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರೂ ಬಂತು. ಕುಡಿಯುವ ನೀರು ದೂರದಿಂದ ಬರತೊಡಗಿದ ಮೇಲೆ ಊರೊಳಗಿನ ಕೆರೆ ಅನೇಕರಿಗೆ ಬೇಡವಾಯಿತು. ಕೆರೆಯಲ್ಲಿ ನೀರು ನಿಲ್ಲಲಿ ಎಂದು ತೋಟದವರು ಬೇಡಿದರೆ, ದಂಡಿನ ಕಡೆಯವರಿಗೆ ಪೋಲೋ ಆಡಲು ಒಣ ನೆಲ ಬೇಕಾಗಿತ್ತು. ಯಾರ ಮಾತು ನಡೆಯಿತೆಂದು ಬಿಡಿಸಿ ಹೇಳಬೇಕಿಲ್ಲ. ಈಗ ಅಲ್ಲಿರುವುದು ಕರಗದ ಆಚರಣೆಯೊಂದಿಗೆ ನಂಟು ಉಳಿಸಿಕೊಂಡ ಒಂದು ಪುಟ್ಟ ಕೊಳ ಮಾತ್ರ.

ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟಿ ಕೈತೊಳೆದುಕೊಳ್ಳೋಣವೆ? ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾದದ್ದು ಸ್ವಾತಂತ್ರ್ಯ ಬಂದ ಮೇಲೆ. ಅವರು ಬಿಟ್ಟುಹೋದದ್ದು ಬಂಗಲೆಗಳನ್ನಷ್ಟೇ ಅಲ್ಲ. ಕೆರೆಯನ್ನು ನಂಬಿ ಬದುಕದವರು ಕೆರೆಯ ಹಣೆಬರಹ ಬರೆಯುವ ರೂಢಿಯನ್ನೂ ಬಿಟ್ಟುಹೋದರು. ಅದನ್ನು ನಾವು ಜೋಪಾನವಾಗಿ ಕಾಪಾಡಿಕೊಂಡಿದ್ದೇವೆ.

ಹಾಗೆಂದು ನಲ್ಲಿಯೇ ಬೇಡವೆನ್ನಲಾರೆ. ಸೊಂಟದ ಮೇಲೆ ಕೊಡ ಹೊತ್ತು ನಡೆದವಳಿಗೆ ಅದರ ಬೆಲೆ ಗೊತ್ತು. 1974ರಿಂದ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ತಗ್ಗಿನಿಂದ ಎತ್ತರಕ್ಕೆ ಏರಿ ಬೆಂಗಳೂರಿಗೆ ಬರುತ್ತಿದ್ದಾಳೆ. ಅದು ಹೆಣ್ಣುಮಕ್ಕಳ ಬೆನ್ನನ್ನು ಹಗುರ ಮಾಡಿದ ನೀರು. ಆದರೆ ಮನೆಯೊಳಗೇ ನೀರು ಬಂದವರಿಗೆ ಕೆರೆ ಬರೀ ನೋಟವಾಗಿಬಿಡುತ್ತದೆ.

ಈಗ ಅಲ್ಲಲ್ಲಿ ಕೆರೆಗಳಿಗೆ ಮತ್ತೆ ಜೀವ ಬರುತ್ತಿದೆ. ಸಂತೋಷವೇ. ಹೂಳೆತ್ತುತ್ತಾರೆ, ಸುತ್ತ ಬೇಲಿ ಹಾಕುತ್ತಾರೆ, ನಡೆದಾಡಲು ದಾರಿ ಮಾಡುತ್ತಾರೆ. ಆಮೇಲೆ ಬಟ್ಟೆ ಒಗೆಯುವವರಿಗೆ, ದನ ಮೇಯಿಸುವವರಿಗೆ, ದಂಡೆಯಲ್ಲಿ ಹುಲ್ಲು, ಸೊಪ್ಪು ಕೊಯ್ಯುವ ಹೆಂಗಸರಿಗೆ ಒಳಗೆ ಬರಬೇಡಿ ಎನ್ನುತ್ತಾರೆ. ಕೆರೆ ಉಳಿಯಿತು, ನಿಜ. ನ್ಯಾಯ ಉಳಿಯಿತೆ?

ಪರಿಸರ ಕಾಪಾಡುವುದೆಂದರೆ ಚೊಕ್ಕಟವಾಗಿಡುವುದು ಎಂದೇ ನಮಗೆ ಅಭ್ಯಾಸವಾಗಿದೆ. ಮನೆ ಚೊಕ್ಕಟವಾಗಿರಬೇಕೆಂದು ಮನೆಯವರನ್ನೇ ಹೊರಗೆ ನಿಲ್ಲಿಸುತ್ತೇವೆಯೆ? ನಿಮ್ಮೂರಿನ ಕೆರೆಯ ಬಗ್ಗೆ ಸಭೆ ನಡೆದರೆ ಹೋಗಿ. ಹೋಗುವಾಗ ಆ ಸೊಪ್ಪು ಕೊಯ್ಯುವವಳನ್ನೂ ಕರೆದುಕೊಂಡು ಹೋಗಿ, ಮೊದಲು ಅವಳ ಮಾತು ಕೇಳಿ ಎಂದು ಹೇಳಿ. ನಲ್ಲಿ ನೀರಿನ ಋಣ ತೀರಿಸಲು ನಮಗಿರುವ ದಾರಿ ಸದ್ಯಕ್ಕೆ ಇದೇ ಎಂದು ನನಗನ್ನಿಸುತ್ತದೆ.