ಹಗ್ಗದ ಇನ್ನೊಂದು ತುದಿ

ನಮ್ಮ ದೇಹದ ಮೇಲೆ ನಮಗೆಷ್ಟು ಅಧಿಕಾರವಿದೆ? ಮದ್ಯಪಾನ, ಅಂಗದಾನ, ಆತ್ಮಹತ್ಯೆಯಂತಹ ದೊಡ್ಡ ವಿಷಯಗಳ ಚರ್ಚೆಯಲ್ಲಿ ಈ ಪ್ರಶ್ನೆ ಏಳುವುದುಂಟು. ನಮ್ಮ ಮುಂದೆ ಅದು ಬಂದದ್ದು ಒಂದು ಹಾಳೆಯ ಅರ್ಜಿಯ ರೂಪದಲ್ಲಿ.

ನಮ್ಮ ಅಕ್ಕನ ಮಗ ಬಹರೈನ್‌ನಲ್ಲಿ ಉದ್ಯೋಗಿ. ಸಿಲಿಂಡರ್ ಹೊತ್ತು ಸಮುದ್ರದಾಳಕ್ಕಿಳಿಯುವ ಸ್ಕೂಬಾ ಡೈವಿಂಗ್ ಅವನ ಹುಚ್ಚು. ಫೆಬ್ರವರಿಯಲ್ಲಿ ಅವನಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಯಿತು. ಎಪ್ರಿಲ್‌ನಲ್ಲಿ ರಜೆಗೆ ಊರಿಗೆ ಬಂದವನು ಗೆಳೆಯರ ಜೊತೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಡಲು ಸಿದ್ಧನಾದ. ಡೈವಿಂಗ್‌ಗೆ ಮುನ್ನ ಆರೋಗ್ಯದ ಪ್ರಶ್ನಾವಳಿಯೊಂದನ್ನು ತುಂಬಬೇಕು. ಕಳೆದ 12 ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಆಗಿದೆಯೇ ಎಂಬುದು ಅದರಲ್ಲೊಂದು ಪ್ರಶ್ನೆ. ಹೌದು ಎಂದರೆ ವೈದ್ಯರ ಒಪ್ಪಿಗೆ ತರಬೇಕು.

"ಮಾಮಾ, 'ಇಲ್ಲ' ಅಂತ ಒಂದು ಗುರುತು ಹಾಕಿದರೆ ಯಾರಿಗೇನು ನಷ್ಟ? ಹೊಟ್ಟೆ ನನ್ನದು, ನೋವಾದರೂ ನನಗೇ ತಾನೇ?" ಎಂದ.

ತಕ್ಷಣ ಉತ್ತರ ಹೊಳೆಯಲಿಲ್ಲ. ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಸಮುದ್ರಕ್ಕೆ ಹೆದರಿ ಮನೆಯಲ್ಲಿ ಕೂರಬೇಕೆಂದು ನಮ್ಮ ಧರ್ಮ ಹೇಳಿಲ್ಲ. ಚಿಕಿತ್ಸೆಯಾದವನು ಇನ್ನೆಂದೂ ನೀರಿಗಿಳಿಯಬಾರದೆಂದು ವೈದ್ಯರೂ ಹೇಳುವುದಿಲ್ಲ. ನಿಜವಾದ ಅಪಾಯವಿರುವುದು ಚಿಕಿತ್ಸೆ ಮಾಡಿಸಿಕೊಳ್ಳದ ಹರ್ನಿಯಾದಲ್ಲಿ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗುತ್ತದೆ. ಅಲ್ಲಿ ಒಂದು ಲೋಟದಷ್ಟಿದ್ದ ಗಾಳಿ ಮೇಲೆ ಬರುವಾಗ ಎರಡು ಲೋಟದಷ್ಟಾಗುತ್ತದೆ. ಹರ್ನಿಯಾದ ಕಿಂಡಿಯಲ್ಲಿ ಸಿಕ್ಕಿಕೊಂಡ ಕರುಳಿನೊಳಗೆ ಹಾಗೆ ಗಾಳಿ ಹಿಗ್ಗಿದರೆ ಅದಕ್ಕೆ ಹೊರಬರುವ ದಾರಿಯಿಲ್ಲ. ಕಿಂಡಿ ಮುಚ್ಚಿ, ಗಾಯ ಮಾಗಿ, ಹೊಟ್ಟೆಯ ಸ್ನಾಯು ಮೊದಲಿನಂತಾದರೆ ಡೈವಿಂಗ್‌ಗೆ ಮರಳಬಹುದು. ಕೆಲವರಿಗೆ ಇದಕ್ಕೆ ವಾರಗಳು ಸಾಕು, ದೊಡ್ಡ ಕೊಯ್ತವಾದವರಿಗೆ ತಿಂಗಳುಗಳು ಬೇಕು. ಎಲ್ಲವನ್ನೂ ಹೊತ್ತರೆ ಡೈವಿಂಗ್ ಸಲಕರಣೆಯ ಭಾರ 20 ಕಿಲೋ ಮೀರುತ್ತದೆ. ಅದನ್ನು ಹೊತ್ತು, ಅಲೆಗೆ ತೂಗಾಡುವ ದೋಣಿಯ ಏಣಿ ಹತ್ತಬೇಕು. ಇವನೋ, ಹಿಂದಿನ ದಿನವಷ್ಟೇ ಅಡುಗೆಮನೆಗೆ ಗ್ಯಾಸ್ ಸಿಲಿಂಡರ್ ಎತ್ತಿಡಲು ಹೋಗಿ ಹೊಟ್ಟೆ ಹಿಡಿದುಕೊಂಡು ನಿಂತದ್ದನ್ನು ನಾವೇ ನೋಡಿದ್ದೆವು.

ಆದರೂ, ಬರೀ ನೋವಿನ ಮಾತಾದರೆ ಅದು ಅವನಿಗೆ ಬಿಟ್ಟದ್ದು ಎನ್ನಬಹುದಿತ್ತು. ಡೈವಿಂಗ್‌ನಲ್ಲಿ ಹಾಗಲ್ಲ. ಅಲ್ಲಿ ಇಬ್ಬಿಬ್ಬರು ಜೋಡಿಯಾಗಿ ಇಳಿಯುತ್ತಾರೆ. ಒಬ್ಬನ ಗಾಳಿ ಮುಗಿದರೆ ಇನ್ನೊಬ್ಬ ತನ್ನ ಸಿಲಿಂಡರ್‌ನಿಂದ ಕೊಡಬೇಕು. ಒಬ್ಬ ನೋವಿನಿಂದ ಗಾಬರಿಗೊಂಡು ಸರ್ರನೆ ಮೇಲೇರಿದರೆ ಅವನ ಶ್ವಾಸಕೋಶಕ್ಕೆ ಪೆಟ್ಟು. ಅವನನ್ನು ಹಿಡಿಯಲು ಬೆನ್ನಟ್ಟಿದವನಿಗೂ ಅದೇ ಗತಿ. 'ಇಲ್ಲ' ಎಂಬ ಆ ಗುರುತನ್ನು ನಂಬಿ ನೀರಿಗಿಳಿಯುವವನು ಅವನ ಜೊತೆಗಾರ.

ಇವನು ದುಡಿಯುವ ಬಹರೈನ್‌ನಲ್ಲೇ ಒಂದು ಕಾಲದಲ್ಲಿ ಮುತ್ತು ಹೆಕ್ಕುವ ಕಸುಬಿತ್ತು. 1930ರ ದಶಕದಲ್ಲಿ ಜಪಾನಿನ ಕೃಷಿ ಮುತ್ತುಗಳ ಎದುರು ಅದು ಕುಸಿಯಿತು. ಅದರ ಕುರುಹುಗಳಾದ ಮುಹರ್ರಖ್‌ನ ಹಳೆಯ ಮನೆಗಳು ಮತ್ತು ಸಮೀಪದ ಕಡಲ ಚಿಪ್ಪಿನ ಹಾಸುಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮುಳುಗುವವನನ್ನು ಗೈಸ್ ಎನ್ನುತ್ತಿದ್ದರು. ಮೂಗಿಗೆ ಚಿಮುಟ, ಕಾಲಿಗೆ ಕಲ್ಲಿನ ಭಾರ, ಒಂದೇ ಉಸಿರು. ದೋಣಿಯಲ್ಲಿ ಹಗ್ಗ ಹಿಡಿದು ನಿಂತವನು ಸೈಬ್. ಕೆಳಗಿನಿಂದ ಹಗ್ಗ ಜಗ್ಗಿದೊಡನೆ ಅವನು ಮೇಲೆಳೆಯಬೇಕು. ದೋಣಿಯ ಒಡೆಯನ ಸಾಲದಲ್ಲಿ ಸಿಲುಕಿದ ಗೈಸ್ ಕಾಯಿಲೆ ಬಿದ್ದರೂ ಇಳಿಯಬೇಕಾಗುತ್ತಿತ್ತು. ಹಸಿದ ಮಕ್ಕಳಿದ್ದವನ ಆ ಇಳಿತವನ್ನು ಪ್ರಶ್ನಿಸಲು ನಾವು ಯಾರು? ಆದರೆ ಅವನ ಕಾಯಿಲೆ ಸೈಬ್‌ನ ಕಣ್ಣೆದುರೇ ಇರುತ್ತಿತ್ತು. ನಮ್ಮ ಹುಡುಗನಿಗೆ ಸಾಲವಿಲ್ಲ, ಹಸಿವಿಲ್ಲ. ಇರುವುದು ಆಸೆ ಮಾತ್ರ. ಅದು ತಪ್ಪಲ್ಲ. ಅಪಾಯಕ್ಕೆ ತಾನು ಇಳಿಯುವುದು ಬೇರೆ, ಇನ್ನೊಬ್ಬನನ್ನು ಅವನ ಅರಿವಿಲ್ಲದೆ ಇಳಿಸುವುದು ಬೇರೆ. ಎರಡನೆಯದಕ್ಕೆ ನಾವು ಧೈರ್ಯದ ಹೆಸರು ಕೊಡಲಾರೆವು. ಅದು ಅಮಾನತ್‌ಗೆ ಬಗೆದ ದ್ರೋಹ.

ಇದಕ್ಕೆ ಇನ್ನೊಂದು ಮುಖವೂ ಇದೆ. ಕಾಯಿಲೆಯವನೆಂದು ಒಪ್ಪಿಕೊಳ್ಳಲು ನಮಗೇಕೋ ನಾಚಿಕೆ. ರಮಝಾನ್‌ನಲ್ಲಿ ನೋಡಿ, ವೈದ್ಯರು ಬೇಡವೆಂದರೂ ಉಪವಾಸ ಹಿಡಿದು ಮಧ್ಯಾಹ್ನದ ಹೊತ್ತಿಗೆ ತಲೆಸುತ್ತಿ ಬೀಳುವ ಮಧುಮೇಹಿಗಳು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ರೋಗಿಗೆ ಉಪವಾಸ ಮುಂದೂಡುವ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ಅದನ್ನು ಪಡೆದರೆ ಈಮಾನ್ ಕಡಿಮೆಯಾದೀತೆಂಬ ಭಯ ಎಲ್ಲಿಂದ ಬಂತೋ! ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಹೊರಟ ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್‌ರಿಗೆ(ರ), ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ನೆನಪಿಸಿದ್ದರು. ಆರಾಧನೆಯಲ್ಲೇ ಈ ಮಿತಿಯಿರುವಾಗ ಹವ್ಯಾಸದ ಮಾತೇನು?

ಇಷ್ಟನ್ನೂ ಅವನ ಮುಂದೆ ಹೇಳಿದೆವು. ಅವನು ವಾದಿಸಲಿಲ್ಲ, ಒಪ್ಪಿದಂತೆಯೂ ಕಾಣಲಿಲ್ಲ. ಮರುದಿನ 'ಹೌದು' ಎಂದೇ ತುಂಬಿ ವೈದ್ಯರ ಬಳಿ ಹೋದ. ಭಾರ ಎತ್ತುವುದನ್ನು ನಿಧಾನಕ್ಕೆ ರೂಢಿಸಿಕೊಂಡು ಆರು ವಾರ ಬಿಟ್ಟು ಬನ್ನಿ ಎಂದರಂತೆ. ಅಷ್ಟರಲ್ಲಿ ಅವನ ರಜೆ ಮುಗಿಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ನೇತ್ರಾಣಿಯಲ್ಲೂ ಡೈವಿಂಗ್ ಇಲ್ಲ. ಗೆಳೆಯರು ಅವನನ್ನು ಬಿಟ್ಟು ಹೋಗಿ ಬಂದರು, ಫೋಟೋಗಳನ್ನೂ ಕಳಿಸಿದರು. ನಮ್ಮೊಂದಿಗೆ ಅವನ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ.