ಆಟ ಕಟ್ಟುವ ಅಂಗಳ ಯಾರದು?

ಕಂಪ್ಯೂಟರ್ ಆಟಗಳನ್ನು ಕಟ್ಟಲು ಕಲಿಯುತ್ತಿರುವವರು ಮೊದಲಿಗೇ ಕೇಳುವ ಪ್ರಶ್ನೆಯೊಂದಿದೆ: ಲಿನಕ್ಸ್ ಬಳಸಲೋ, ವಿಂಡೋಸ್ ಬಳಸಲೋ? ಉತ್ತರಗಳು ಸಾಮಾನ್ಯವಾಗಿ ವೇಗ, ಬೆಲೆ, ಗ್ರಾಫಿಕ್ಸ್ ಕಾರ್ಡುಗಳ ಸುತ್ತಲೇ ಸುತ್ತುತ್ತವೆ. ಆದರೆ ಇದರೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ನಾನು ಬಳಸುವ ಉಪಕರಣ ಯಾರ ಹಿಡಿತದಲ್ಲಿದೆ ಎಂಬುದು ಸೌಕರ್ಯದ ವಿಚಾರವೋ, ನೀತಿಯ ವಿಚಾರವೋ?

1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದ ರಿಚರ್ಡ್ ಸ್ಟಾಲ್ಮನ್ ಅವರಿಗೆ ಇದು ನೀತಿಯ ವಿಚಾರವೇ. ತಂತ್ರಾಂಶವನ್ನು ಓದುವ, ತಿದ್ದುವ, ಹಂಚುವ ಹಕ್ಕು ಬಳಸುವವರಿಗೆ ಇರಬೇಕು. ಅದನ್ನು ಕಸಿಯುವುದು ಅನ್ಯಾಯ ಎಂಬುದು ಅವರ ನಿಲುವು. 1991ರಲ್ಲಿ ಲಿನಕ್ಸ್ ಕರ್ನಲ್ ಹೊರತಂದ ಲೈನಸ್ ಟೋರ್ವಾಲ್ಡ್ಸ್ ಅಷ್ಟು ಕಟ್ಟುನಿಟ್ಟಿನವರಲ್ಲ. ಹತ್ತು ಜನ ಸೇರಿ ಮುಕ್ತವಾಗಿ ಕಟ್ಟಿದ್ದು ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನುವುದೇ ಅವರಿಗೆ ಮುಖ್ಯ. ಒಬ್ಬರು ಧರ್ಮವೆಂದು ಕಂಡದ್ದನ್ನು ಇನ್ನೊಬ್ಬರು ಒಳ್ಳೆಯ ಕಸುಬೆಂದು ಕಂಡರು.

ಆಟ ಕಟ್ಟುವವರಿಗೆ ಮೂರನೆಯ ಹೊಣೆಯೂ ಇದೆ. ಆಡುವವರಿಲ್ಲದೆ ಆಟ ಪೂರ್ಣವಾಗುವುದಿಲ್ಲ. ಸ್ಟೀಮ್ ಮಳಿಗೆಯ ಆಟಗಾರರಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿ ವಿಂಡೋಸ್ ಬಳಸುವವರು. 2018ರಲ್ಲಿ ವಾಲ್ವ್ ಸಂಸ್ಥೆ ಹೊರತಂದ ಪ್ರೋಟಾನ್, ವಿಂಡೋಸ್‌ಗೆಂದು ಬರೆದ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುತ್ತದೆ, ನಿಜ. ಆದರೆ ಹೆಚ್ಚಿನ ಆಟಗಾರರು ಈಗಲೂ ಆಚೆ ದಡದಲ್ಲೇ ಇದ್ದಾರೆ. ನಮ್ಮ ನೆಲೆಯ ಶುದ್ಧಿಗಾಗಿ ಅವರನ್ನು ಹೊರಗಿಟ್ಟರೆ ಅದಕ್ಕೆ ಸ್ವಾತಂತ್ರ್ಯ ಎನ್ನುವುದಕ್ಕಿಂತ ಮಡಿ ಎನ್ನುವುದೇ ಸರಿ.

ಬೀಗ ಎಲ್ಲಿದೆ ಎಂಬುದನ್ನೂ ನೋಡಬೇಕು. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಸಂಸ್ಥೆ, ತನ್ನ ಎಂಜಿನ್‌ನಲ್ಲಿ ತಯಾರಾದ ಆಟಗಳು ಒಂದು ಮಿತಿ ದಾಟಿದ ಮೇಲೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಕೊಡಬೇಕೆಂದು ಸಾರಿತು. ಆಗಲೇ ಮಾರುಕಟ್ಟೆಯಲ್ಲಿದ್ದ ಆಟಗಳೂ ಇದಕ್ಕೆ ಒಳಪಟ್ಟಿದ್ದವು. ಭಾರೀ ವಿರೋಧದ ನಂತರ ನಿಯಮ ಸಡಿಲವಾಯಿತು, 2024ರಲ್ಲಿ ರದ್ದೇ ಆಯಿತು. ಯೂನಿಟಿಯನ್ನು ಲಿನಕ್ಸ್‌ನಲ್ಲಿ ಬಳಸುತ್ತಿದ್ದವರಿಗೂ ಆ ದಿನಗಳ ಆತಂಕ ತಪ್ಪಲಿಲ್ಲ. ವಿಂಡೋಸ್‌ನಲ್ಲಿ ಕೂತು ಗೊಡಾಟ್ ಎಂಬ ಮುಕ್ತ ಎಂಜಿನ್ ಬಳಸುತ್ತಿದ್ದವರಿಗೆ ಅದು ತಟ್ಟಲಿಲ್ಲ.

ಇದೇ ಗೊಡಾಟ್‌ನ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ. 2023ರ 4.0 ಆವೃತ್ತಿ, ಹಾರ್ಫ್‌ಬಝ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ನೆರವಿನಿಂದ ಆ ಕೊರತೆಯನ್ನು ನೀಗಿಸಿತು. ಮಾರುಕಟ್ಟೆ ಚಿಕ್ಕದಾದ ನುಡಿಗೆ ಇದು ಸಣ್ಣ ಸಂಗತಿಯಲ್ಲ. ಯಾವ ಕಂಪನಿಗೂ ಲಾಭ ಕಾಣದ ತಿದ್ದುಪಡಿಯನ್ನು, ಬೇಕಾದವರೇ ಮಾಡಿಕೊಳ್ಳಲು ಅಲ್ಲಿ ಅವಕಾಶವಿದೆ.

ಆದರೆ ಆ ಅವಕಾಶ ಬಳಸಲು ಹಣ ಬೇಡದಿದ್ದರೂ ಸಮಯ ಬೇಕು. ಹಗಲು ದುಡಿದು ರಾತ್ರಿ ಆಟ ಕಟ್ಟುವವರಿಗೆ, ಕಾಲೇಜಿನ ಲ್ಯಾಬನ್ನೇ ನೆಚ್ಚಿಕೊಂಡವರಿಗೆ, ಡ್ರೈವರ್ ಸರಿಪಡಿಸುತ್ತ ಕೂರುವ ಪುರಸೊತ್ತು ಎಲ್ಲಿಂದ ಬರಬೇಕು? ಅವರು ವಿಂಡೋಸ್ ಬಳಸಿದರೆಂದು ಹಳಿಯುವುದು, ಪುರಸೊತ್ತನ್ನೇ ಸದ್ಗುಣವೆಂದು ತಿಳಿದಂತೆ.

ಹಾಗಾಗಿ ಪ್ರಶ್ನೆಯನ್ನೇ ಬದಲಿಸಿ ಕೇಳುವುದು ವಾಸಿ: ನಾಳೆ ಈ ಅಂಗಳ ಬಿಡಬೇಕಾಗಿ ಬಂದರೆ ನನ್ನ ಕೆಲಸವನ್ನು ಜೊತೆಗೆ ಒಯ್ಯಬಲ್ಲೆನೇ? ಚಿತ್ರ, ಧ್ವನಿ, ಕೋಡ್ ಎಲ್ಲವೂ ಯಾರು ಬೇಕಾದರೂ ತೆರೆಯಬಲ್ಲ ರೂಪದಲ್ಲಿದ್ದರೆ, ವಿಂಡೋಸ್‌ನಲ್ಲಿದ್ದೂ ಸ್ವಲ್ಪಮಟ್ಟಿಗೆ ಸ್ವತಂತ್ರರಾಗಿರಬಹುದು. ಸ್ವಲ್ಪಮಟ್ಟಿಗೆ ಎನ್ನಲು ಕಾರಣವಿದೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಒಗ್ಗದ ಎಷ್ಟೋ ಯಂತ್ರಗಳು ಇನ್ನೂ ಚೆನ್ನಾಗಿಯೇ ನಡೆಯುತ್ತಿದ್ದವು. ಅವುಗಳ ಆಯಸ್ಸು ಮುಗಿಯಿತೆಂದು ತೀರ್ಮಾನಿಸಿದವರು ಅವುಗಳ ಒಡೆಯರಲ್ಲ. ಹೊಸದು ಕೊಳ್ಳಲಾಗದ ವಿದ್ಯಾರ್ಥಿಗೆ ಅಂಥ ಯಂತ್ರದಲ್ಲಿ ಲಿನಕ್ಸ್ ಹಾಕಿಕೊಂಡು ಕೆಲಸ ಮುಂದುವರಿಸುವ ದಾರಿ ಇದೆ. ಸ್ಟಾಲ್ಮನ್ ಹೇಳುವ ನೀತಿ ಅಂಥವರ ಪಾಲಿಗೆ ಬರೀ ಸಿದ್ಧಾಂತವಾಗಿ ಉಳಿದಿಲ್ಲ.