ಎಡವಿದಲ್ಲಿಯೇ ಎಚ್ಚರ

ಮಾನವನು ತಪ್ಪೇ ಇಲ್ಲದೆ ನಡೆಯುವವನಲ್ಲ. ತಪ್ಪುತ್ತ, ತಿದ್ದಿಕೊಳ್ಳುತ್ತ ನಡೆಯುವವನು. ತಪ್ಪಿದುದು ಅವನಿಗೆ ಕುಂದಲ್ಲ. ತಪ್ಪಿದುದನ್ನು ಅರಿಯದಿರುವುದೇ ಕುಂದು. ಹನ್ನೆರಡನೆಯ ಶತಮಾನದ ಶಿವಶರಣರು ಅರಿವನ್ನು ಗುರುವಾಗಿ ಕಂಡರು. ಆ ಅರಿವು ಗ್ರಂಥದಲ್ಲಿ ಮಾತ್ರವೇ ಇರುವುದೆಂದು ಅವರು ಬಗೆಯಲಿಲ್ಲ. ಅಂಬಿಗನು ಅದನ್ನು ತನ್ನ ಹುಟ್ಟಿನಲ್ಲಿ ಕಂಡನು. ಮಡಿವಾಳನು ಬಟ್ಟೆಯ ಕಲೆಯಲ್ಲಿ ಕಂಡನು. ಹಗ್ಗ ಹೊಸೆಯುವವನು ಹುರಿಯ ಎಳೆಯಲ್ಲಿ ಕಂಡನು. ಆದಕಾರಣ ಊರ ಬೀದಿಯಲ್ಲಿ ಉರುಳುವ ಸೈಕಲ್ಲಿನಲ್ಲಿಯೂ ಒಂದು ಬೋಧೆಯುಂಟೆಂದರೆ ಅಚ್ಚರಿಪಡಬೇಕಾದುದಿಲ್ಲ.

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲೂಕಿನ ನಾಲತವಾಡವು ಕೃಷ್ಣೆಯ ಉತ್ತರ ದಿಕ್ಕಿನ ಊರು. ಸುತ್ತಲೂ ಎರೆಯ ಹೊಲಗಳು. ಮಳೆ ಬಿದ್ದರೆ ಆ ಮಣ್ಣು ಟಾಯರಿಗೆ ಮೆತ್ತಿ, ಮಡ್‌ಗಾರ್ಡಿನಲ್ಲಿ ಸಿಲುಕಿ, ಗಾಲಿಯನ್ನೇ ಹಿಡಿದು ನಿಲ್ಲಿಸುವುದು. ಸುಗ್ಗಿಯಲ್ಲಿ ರಾಶಿಗೆಂದು ಡಾಂಬರು ರಸ್ತೆಯ ಮೇಲೆಯೇ ಜೋಳದ ತೆನೆಯನ್ನೋ ತೊಗರಿಯ ಕಟ್ಟಿಗೆಯನ್ನೋ ಹರವುವುದುಂಟು. ಕಬ್ಬಿನ ಕಾಲದಲ್ಲಿ ಹಿಂದೀಪವಿಲ್ಲದ ಟ್ರಾಲಿಗಳು ಕತ್ತಲಲ್ಲಿ ಸಾಗುವುದುಂಟು. ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿದ ಮೇಲೆ, ಹಿರಿಯರ ಕೈಯಲ್ಲಿದ್ದ ಈ ವಾಹನ ಹಳ್ಳಿಯ ಹೆಣ್ಣುಮಕ್ಕಳ ಕೈಗೂ ಬಂದಿತು. ಇಂಥ ದಾರಿಗಳಲ್ಲಿ ಸೈಕಲ್ಲಿನಿಂದ ಒಮ್ಮೆಯೂ ಬೀಳದವರು ವಿರಳ. ಬಿದ್ದು ಕಲಿತವರು ಇನ್ನೂ ವಿರಳ.

ದೃಷ್ಟಾಂತಕ್ಕಾಗಿ ಈ ಊರಿನ ಒಬ್ಬ ಗೃಹಸ್ಥನನ್ನು ಭಾವಿಸಬಹುದು. ಹೊಲಮನೆಯ ಕೆಲಸಕ್ಕೂ ಸಂತೆಗೂ ಅವನಿಗೆ ಸೈಕಲ್ಲೇ ಆಧಾರ. ಒಂದು ಮುಂಜಾನೆ ರಸ್ತೆಯ ಮೇಲೆ ಹರವಿದ ಜೋಳದ ದಂಟಿನ ಮೇಲೆ ಗಾಲಿ ಜಾರಿ ಬಿದ್ದನು. ಮೊಣಕಾಲು ತರಚಿತು. ರಾಶಿ ಹಾಕಿದವನನ್ನು ಬೈದು ಮುಂದಕ್ಕೆ ಹೋದನು. ತಿಂಗಳು ಕಳೆದ ಮೇಲೆ ನಾಯಿಯೊಂದು ಅಡ್ಡ ಬಂದಿತು. ಗಾಬರಿಯಿಂದ ಮುಂದಿನ ಬ್ರೇಕು ಬಿಗಿದು ಹ್ಯಾಂಡಲಿನ ಮೇಲಿಂದ ಬಿದ್ದನು. ಅಂಗೈ ಸುಲಿಯಿತು. ನಾಯಿಯನ್ನು ಬೈದನು. ಇನ್ನೊಂದು ಸಂಜೆ, ದೀಪವಿಲ್ಲದೆ ಬರುತ್ತ, ಬದಿಯಲ್ಲಿ ನಿಂತಿದ್ದ ಬಂಡಿಯ ನೊಗಕ್ಕೆ ತಾಗಿ ಉರುಳಿದನು. ಈ ಸಲ ಬಂಡಿಯ ಒಡೆಯನಿಗೆ ಬೈಗಳಾಯಿತು. ಮೂರು ಸಲವೂ ಜನರು, “ಪೆಟ್ಟಾತೇನಪಾ?” ಎಂದು ಕೇಳಿದರೆ ಅವನು ಧೂಳು ಕೊಡವಿ, “ಏನೂ ಆಗಿಲ್ಲ” ಎಂದನು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದುದು.

ನಾಲ್ಕನೆಯ ಸಲ ಅವನೊಬ್ಬನೇ ಇರಲಿಲ್ಲ. ಆರು ವರ್ಷದ ಮಗಳನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಶಾಲೆಗೆ ಹೊರಟಿದ್ದನು. ಹೊತ್ತು ಮೀರಿತ್ತು, ಪೆಡಲನ್ನು ಜೋರಾಗಿ ತುಳಿಯುತ್ತಿದ್ದನು. ಬಾಲೆಯ ಕಾಲಿಗೆ ಆಧಾರವಿರಲಿಲ್ಲ. ತೂಗಾಡುತ್ತಿದ್ದ ಪಾದ ಹಿಂದಿನ ಗಾಲಿಯ ಕಡ್ಡಿಗಳಲ್ಲಿ ಸಿಕ್ಕಿತು, ಸೈಕಲ್ಲು ವಾಲಿತು, ಇಬ್ಬರೂ ಬಿದ್ದರು. ಪುಣ್ಯವಶಾತ್ ಎಲುಬು ಮುರಿಯಲಿಲ್ಲ. ಹಿಮ್ಮಡಿಯ ಚರ್ಮ ಸುಲಿದು ರಕ್ತ ಸುರಿಯಿತು. ತಂದೆ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದನು. ಅಳು ನಿಂತ ಮೇಲೆ ಆ ಮಗು ಅವನ ಮುಖ ನೋಡಿ ಕೇಳಿತು: “ಯಪ್ಪಾ, ಈ ಸಲ ಯಾರಿಗೆ ಬೈತಿ?”

ಅವನಲ್ಲಿ ಉತ್ತರವಿರಲಿಲ್ಲ. ಆ ದಿನ ದಾರಿಯ ಮೇಲೆ ದಂಟಿರಲಿಲ್ಲ, ನಾಯಿಯಿರಲಿಲ್ಲ, ಬಂಡಿಯೂ ಇರಲಿಲ್ಲ.

ಸಂಜೆ ಸೊಟ್ಟಗಾದ ಗಾಲಿಯನ್ನು ಸೈಕಲ್ಲು ದುರಸ್ತಿಯ ಮುದುಕನ ಬಳಿಗೆ ಒಯ್ದನು. ಮುದುಕನು ಗಾಲಿಯನ್ನು ತಿರುಗಿಸಿ ನೋಡುತ್ತ, “ಗಾಲಿಯ ಸೊಟ್ಟ ನಾ ತೆಗೀತೀನಿ ತಮ್ಮಾ. ಬಿದ್ದದ್ದು ಹ್ಯಾಂಗ ಅನ್ನೂದು ನೀ ನೋಡದಿದ್ದರ, ನಾಳೆ ಮತ್ತ ಇಲ್ಲೇ ಬರ್ತಿ,” ಎಂದನು. ಆಗ ಆ ಗೃಹಸ್ಥನು ಮೊದಲ ಸಲ ತನ್ನ ನಾಲ್ಕು ಬೀಳುವಿಕೆಗಳನ್ನೂ ಒಂದೊಂದಾಗಿ ಹೇಳಿದನು. ಹೇಳುತ್ತ ಹೇಳುತ್ತ ಪ್ರತಿಯೊಂದರಲ್ಲಿಯೂ ಹೊರಗಿನ ಕಾರಣವೊಂದು, ತನ್ನ ಕೈಯೊಳಗಿನ ಕಾರಣವೊಂದು ಇರುವುದು ಅವನಿಗೆ ಕಾಣತೊಡಗಿತು.

ದಂಟಿನ ಮೇಲೆ ಜಾರಿದುದೇಕೆ? ಅದರ ಮೇಲೆಯೇ ಹ್ಯಾಂಡಲನ್ನು ತಿರುಗಿಸಿ ಬ್ರೇಕು ಹಿಡಿದುದರಿಂದ. ದಂಟು, ಜಲ್ಲಿ, ಹಸಿ ಮಣ್ಣು ಇವುಗಳ ಮೇಲೆ ಟಾಯರಿಗೆ ಹಿಡಿತವಿಲ್ಲ. ಆದ್ದರಿಂದ ಅಲ್ಲಿಗೆ ತಲುಪುವ ಮುನ್ನವೇ ವೇಗವನ್ನು ಇಳಿಸಿ, ನೇರವಾಗಿ ದಾಟಬೇಕು. ಇಲ್ಲವೆ ಇಳಿದು ನಡೆಯಬೇಕು. ನಾಯಿ ಅಡ್ಡ ಬಂದಾಗ ತಲೆಕೆಳಗಾದುದೇಕೆ? ಬ್ರೇಕು ಹಿಡಿದೊಡನೆ ಸವಾರನ ಭಾರವು ಮುಂದಿನ ಗಾಲಿಯ ಮೇಲೆ ವಾಲುತ್ತದೆ. ಹಿಂದಿನ ಗಾಲಿ ಹಗುರಾಗುತ್ತದೆ. ನಿಲ್ಲಿಸುವ ಶಕ್ತಿ ಹೆಚ್ಚಾಗಿ ಇರುವುದು ಮುಂದಿನ ಬ್ರೇಕಿನಲ್ಲಿಯೇ ಆದರೂ, ಅದನ್ನೊಂದನ್ನೇ ಒಮ್ಮೆಲೆ ಬಿಗಿದರೆ ಸವಾರನು ಮುಂದಕ್ಕೆ ಎಸೆಯಲ್ಪಡುತ್ತಾನೆ. ಹಿಂದಿನದನ್ನು ಮಾತ್ರ ಬಿಗಿದರೆ ಹಗುರಾದ ಗಾಲಿ ಜಾರುತ್ತದೆ. ಎರಡನ್ನೂ ಕೂಡಿಯೇ, ಮೆಲ್ಲಗೆ ಹಿಡಿದು ಬಿಗಿಸುತ್ತ ಹೋಗುವುದು, ಮೈಯನ್ನು ಸ್ವಲ್ಪ ಹಿಂದಕ್ಕೆ ಸರಿಸುವುದು ಸರಿಯಾದ ಕ್ರಮ. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮನ್ನು ರಬ್ಬರು ಬೇಗ ಹಿಡಿಯುವುದಿಲ್ಲವಾದುದರಿಂದ ಆಗ ಇನ್ನೂ ಮುಂಚೆಯೇ ಹಿಡಿಯಬೇಕು.

ಬಂಡಿಗೆ ತಾಗಿದುದೇಕೆ? ದೀಪವಿಲ್ಲದುದರಿಂದ. ತಾಸಿಗೆ 15 ಕಿಲೋಮೀಟರು ವೇಗದಲ್ಲಿ ಹೋಗುವ ಸೈಕಲ್ಲು ಒಂದೊಂದು ಸೆಕೆಂಡಿಗೆ 4 ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಕಣ್ಣು ಕಂಡು, ಮನಸ್ಸು ತಿಳಿದು, ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿ ಎದುರಿನ ವಸ್ತು ಮೈಮೇಲೆ ಬಂದಿರುತ್ತದೆ. ಮುಂದೆ ಬಿಳಿಯ ದೀಪ ದಾರಿ ಕಾಣುವುದಕ್ಕೆ. ಹಿಂದೆ ಕೆಂಪು ದೀಪ, ಇಲ್ಲವೆ ಬೆಳಕಿಗೆ ಹೊಳೆಯುವ ಕೆಂಪು ಬಿಲ್ಲೆ, ತಾನು ಪರರಿಗೆ ಕಾಣುವುದಕ್ಕೆ. ಇನ್ನು ಮಗುವಿನ ಪಾದ? ಗಾಲಿಯ ಪಕ್ಕದಲ್ಲಿ ತಂತಿಯ ಜಾಳಿಗೆಯಿರಲಿಲ್ಲ, ಕಾಲಿಡಲು ಮೆಟ್ಟಿಲಿರಲಿಲ್ಲ, ಮಗುವಿನ ಕಾಲಲ್ಲಿ ಬೂಟು ಇರಲಿಲ್ಲ. ಈ ಮೂರಕ್ಕೆ ತಗಲುವ ವೆಚ್ಚ, ಆ ದಿನದ ಔಷಧಕ್ಕೂ ತಪ್ಪಿದ ಕೂಲಿಗೂ ಆದ ನಷ್ಟಕ್ಕಿಂತ ಹೆಚ್ಚಿನದಾಗಿರಲಾರದು.

ಇಲ್ಲಿ ವಿಚಾರಿಸಬೇಕಾದ ಮರ್ಮವೊಂದಿದೆ. ದೊಡ್ಡ ಅಪಘಾತ ಬಹುಶಃ ಒಮ್ಮೆಲೆ ಬರುವುದಿಲ್ಲ. ಸಣ್ಣವುಗಳನ್ನು ದೂತರಂತೆ ಮುಂದೆ ಕಳುಹಿಸಿ ಆ ಮೇಲೆ ಬರುತ್ತದೆ. ಅಮೆರಿಕದ ವಿಮಾ ಸಂಸ್ಥೆಯೊಂದರಲ್ಲಿದ್ದ ಹರ್ಬರ್ಟ್ ಹೈನ್‌ರಿಕ್ ಎಂಬವರು ಕಾರ್ಖಾನೆಗಳ ಅವಘಡಗಳನ್ನು ಪರಿಶೀಲಿಸಿ, 1931ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯಗಳೂ ಗಾಯವಿಲ್ಲದ 300 ಎಡವಟ್ಟುಗಳೂ ಇರುತ್ತವೆಂದು ಲೆಕ್ಕ ಹೇಳಿದರು. ಈ ಸಂಖ್ಯೆಗಳು ಎಲ್ಲೆಡೆಗೂ ಹೊಂದುವುದಿಲ್ಲವೆಂದು ಮುಂದಿನ ವಿದ್ವಾಂಸರು ಆಕ್ಷೇಪಿಸಿರುವುದುಂಟು. ಸಂಖ್ಯೆ ಹಾಗಿರಲಿ, ಗಾಯವಾಗದ ಎಡವಟ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬ ಆ ದೃಷ್ಟಿ ಬೆಲೆಯುಳ್ಳದ್ದು.

ಆ ದೃಷ್ಟಿ ಈ ನಾಡಿಗೆ ಹೊಸತಲ್ಲ. ನಾಲತವಾಡದ ಸೀಮೆಯಿಂದ ಕೃಷ್ಣೆಯನ್ನು ದಾಟಿದರೆ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕು. ಅಲ್ಲಿಯ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಊರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಕಂಡೊಡನೆ ತಡೆದಳು; ನಿತ್ಯದ ಅಳತೆಯಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಹಿಂದಕ್ಕೆ ಸುರಿದು ಬರಬೇಕೆಂದಳು. ಹೆಚ್ಚಾದುದು ಎಷ್ಟು? ಸ್ವಲ್ಪವೇ ಅಕ್ಕಿ. ಲೋಕದ ಕಣ್ಣಿಗೆ ಅದು ತಪ್ಪೇ ಅಲ್ಲ. ಆದರೆ ಆ ಮಹಾತಾಯಿ ಅದರೊಳಗೆ ಮೊಳೆಯುತ್ತಿದ್ದ ಆಸೆಯನ್ನು ಕಂಡಳು. ಮೊಳಕೆಯಾಗಿದ್ದಾಗ ಉಗುರಿನಿಂದ ಚಿವುಟಬಹುದಾದುದಕ್ಕೆ ಮರವಾದ ಮೇಲೆ ಕೊಡಲಿ ಬೇಕು. ಮಾರಯ್ಯನ ಹಿರಿಮೆಯೂ ಕಡಿಮೆಯದಲ್ಲ. ಹೆಂಡತಿ ಎತ್ತಿ ತೋರಿದ ತಪ್ಪಿಗೆ ಅವನು ಮುನಿಯಲಿಲ್ಲ, ನೆಪ ಹೇಳಲಿಲ್ಲ. ಬಂದ ದಾರಿಯಲ್ಲಿಯೇ ಹಿಂದಿರುಗಿದನು. ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯನ ಕಾಯಕವನ್ನು ನೆನೆದರೂ ತಿಳಿಯುವುದು ಇಷ್ಟೇ: ಹಸಿಯಾಗಿರುವಾಗ ಕಲೆ ಬೇಗ ಹೋಗುತ್ತದೆ, ಒಣಗಿದ ಮೇಲೆ ಬಟ್ಟೆಯೇ ಹರಿಯುವಷ್ಟು ಒಗೆಯಬೇಕಾಗುತ್ತದೆ.

ಸೈಕಲ್ಲೆಂಬ ಯಂತ್ರವೂ ಬೀಳುವಿಕೆಯಿಂದಲೇ ಪಾಠ ಕಲಿತು ಇಂದಿನ ರೂಪಕ್ಕೆ ಬಂದುದೆಂಬುದು ಗಮನಾರ್ಹ. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಓಡಿಸಿದ ಎರಡು ಗಾಲಿಯ ಬಂಡಿಗೆ ಪೆಡಲುಗಳೇ ಇರಲಿಲ್ಲ. ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬೇಕಾಗಿತ್ತು. ಮುಂದೆ ವೇಗದ ಮೋಹದಿಂದ ಮುಂದಿನ ಗಾಲಿಯನ್ನು ಆಳೆತ್ತರಕ್ಕೆ ಬೆಳೆಸಿದರು. ಸಣ್ಣ ಕಲ್ಲೊಂದು ತಗಲಿದರೂ ಸವಾರನು ಆ ಎತ್ತರದಿಂದ ತಲೆಕೆಳಗಾಗಿ ಬೀಳುತ್ತಿದ್ದನು. ಬಿದ್ದವರನ್ನು ಕಂಡು ನಗುವುದನ್ನು ಬಿಟ್ಟು ಯೋಚಿಸಿದವರಿಂದ ಮಾರ್ಪಾಡಾಯಿತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹೆಚ್ಚುಕಡಿಮೆ ಸಮಾನ ಗಾತ್ರದ ಎರಡು ಗಾಲಿಗಳನ್ನಿಟ್ಟು, ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ ‘ರೋವರ್’ ಸೈಕಲ್ಲನ್ನು ಹೊರತಂದರು. ಆ ಬಗೆಯದಕ್ಕೆ ‘ಸುರಕ್ಷಿತ ಸೈಕಲ್ಲು’ ಎಂಬ ಹೆಸರೇ ಬಂದಿತು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿನ ಕುಲುಕಾಟವನ್ನು ತಪ್ಪಿಸಲು ಮಾಡಿದ ಗಾಳಿ ತುಂಬಿದ ಟಾಯರಿಗೆ ಪೇಟೆಂಟು ಪಡೆದರು. ಕಬ್ಬಿಣ ಮತ್ತು ರಬ್ಬರುಗಳೇ ಹೀಗೆ ತಿದ್ದಿಕೊಂಡು ಬಂದಿರುವಾಗ, ಚೈತನ್ಯವುಳ್ಳ ಮನುಷ್ಯನು ತಿದ್ದಿಕೊಳ್ಳೆನೆಂದರೆ ಹೇಗೆ?

ಸೈಕಲ್ಲು ಕಲಿಯುವವನಿಗೆ ಹಿರಿಯರು ಹೇಳಿಕೊಡುವ ಮೊದಲ ಗುಟ್ಟಿನಲ್ಲಿಯೇ ಈ ತತ್ತ್ವದ ಸಾರವಡಗಿದೆ. ಸೈಕಲ್ಲು ಎಡಕ್ಕೆ ವಾಲಿದರೆ ಹೊಸಬನು ಹೆದರಿ ಹ್ಯಾಂಡಲನ್ನು ಬಲಕ್ಕೆ ಎಳೆಯುತ್ತಾನೆ, ಬೀಳುತ್ತಾನೆ. ಬಲ್ಲವನು ವಾಲಿದ ಕಡೆಗೇ ಹ್ಯಾಂಡಲನ್ನು ತುಸು ತಿರುಗಿಸುತ್ತಾನೆ, ಗಾಲಿಗಳು ಅವನ ಭಾರದ ಕೆಳಗೆ ಬಂದು ಸೇರುತ್ತವೆ, ಸೈಕಲ್ಲು ನೆಟ್ಟಗಾಗುತ್ತದೆ. ತಪ್ಪಿನಿಂದ ಮುಖ ತಿರುಗಿಸಿದವನು ಬೀಳುತ್ತಾನೆ. ತಪ್ಪಿನ ಕಡೆಗೆ ಮುಖ ಮಾಡಿದವನು ಏಳುತ್ತಾನೆ. ಸಂಸಾರದಲ್ಲಿಯೂ ಇದಕ್ಕಿಂತ ಬೇರೆಯಾದ ನಿಯಮವಿಲ್ಲ.

ಹಾಗೆಂದು ಬಿದ್ದವನೇ ಯಾವಾಗಲೂ ಅಪರಾಧಿಯೆಂದು ತಿಳಿಯತಕ್ಕದ್ದಲ್ಲ. ರಸ್ತೆಯ ಮೇಲೆ ರಾಶಿ ಹರವುವವನಿಗೂ, ಹಿಂದೀಪವಿಲ್ಲದೆ ಟ್ರಾಲಿ ನಡೆಸುವವನಿಗೂ, ತಗ್ಗನ್ನು ಮುಚ್ಚದೆ ಬಿಡುವವರಿಗೂ ತಮ್ಮ ತಮ್ಮ ಪಾಲಿನ ಹೊಣೆಯುಂಟು. ಸಮುದಾಯಕ್ಕೆ ಕೇಡಾಗುವುದನ್ನು ಕಂಡೂ ಸುಮ್ಮನಿರದಿರುವುದು ಗಣಾಚಾರ. ತಾನು ಬಿದ್ದ ತಗ್ಗನ್ನು ಪಂಚಾಯಿತಿಗೆ ತಿಳಿಸುವುದು, ಅದು ಮುಚ್ಚುವವರೆಗೆ ಕಲ್ಲೊಂದಕ್ಕೆ ಸುಣ್ಣ ಬಳಿದು ಗುರುತಿಡುವುದು ಅದರ ಸಣ್ಣ ರೂಪವೇ ಸರಿ. ಬೈಗಳಿಂದ ತಗ್ಗು ಮುಚ್ಚುವುದಿಲ್ಲ. ತಾನು ಎಲ್ಲರಿಗಿಂತ ಕಿರಿಯನೆಂದು ಬಾಳುವುದು ಭೃತ್ಯಾಚಾರ. ರಸ್ತೆಯ ಎಡಬದಿಯನ್ನು ಬಿಡದಿರುವುದು, ತಿರುಗುವ ಮುನ್ನ ಹಿಂದೆ ನೋಡಿ ಕೈ ತೋರಿಸುವುದು, ನಡೆಯುವ ಮುದುಕರಿಗೆ ದೂರದಿಂದಲೇ ಗಂಟೆ ಬಾರಿಸಿ ದಾರಿ ಬಿಡುವುದು ಇವು ಅದರ ನಿತ್ಯದ ಅಭ್ಯಾಸಗಳು. ತನ್ನ ಕೆಲಸದ ಸಾಧನವನ್ನು ಶುಚಿಯಾಗಿಡುವುದು ಕಾಯಕದ ಅಂಗ. ಮನೆ ಬಿಡುವ ಮುನ್ನ ಗಾಳಿ, ಬ್ರೇಕಿನ ರಬ್ಬರು, ಚೈನು, ಗಂಟೆ ಇವುಗಳನ್ನು ಮುಟ್ಟಿ ನೋಡಲು ಒಂದು ನಿಮಿಷ ಸಾಕು. ಧೋತರದ ಚುಂಗನ್ನೂ ಸೆರಗನ್ನೂ ಓಢಣಿಯನ್ನೂ ಚೈನಿಗೆ ಸಿಗದಂತೆ ಕಟ್ಟಿಕೊಳ್ಳಬೇಕು. ಹ್ಯಾಂಡಲಿಗೆ ಚೀಲ ತೂಗುಹಾಕಬಾರದು. ಮಕ್ಕಳ ತಲೆಗೆ ಹೆಲ್ಮೆಟ್ ತೊಡಿಸಿದರೆ ನಾಚಿಕೆಯೇನೂ ಇಲ್ಲ. ಮೊಣಕಾಲಿನ ತರಚು ಮಾಯುತ್ತದೆ, ತಲೆಯ ಪೆಟ್ಟು ಹಾಗಲ್ಲ.

ಬಿದ್ದ ಮೇಲೆಯೂ ಕರ್ತವ್ಯಗಳುಂಟು. ಗಾಯಕ್ಕೆ ಮಣ್ಣನ್ನೋ ಅರಿಷಿಣವನ್ನೋ ಮೆತ್ತದೆ ಶುದ್ಧವಾದ ನೀರು ಮತ್ತು ಸಾಬೂನಿನಿಂದ ತೊಳೆಯಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನು ವೈದ್ಯರಲ್ಲಿ ಕೇಳಬೇಕು. ತಲೆಗೆ ಪೆಟ್ಟಾಗಿ ವಾಂತಿಯೋ ಮಂಪರೋ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗಾಲಿಯ ಕಡ್ಡಿಯಲ್ಲಿ ಸಿಕ್ಕ ಮಗುವಿನ ಕಾಲನ್ನು ಎಳೆಯಲಾಗದು. ಮೇಲೆ ಸಣ್ಣದಾಗಿ ಕಂಡರೂ ಒಳಗಿನ ಮಾಂಸ ಜಜ್ಜಿರಬಹುದಾದುದರಿಂದ ಅದನ್ನು ವೈದ್ಯರಿಗೆ ತೋರಿಸಲೇಬೇಕು. ಅನಂತರ ರಾತ್ರಿ ಮಲಗುವ ಮುನ್ನ, ಪೂಜೆಯ ಶಾಂತ ಸಮಯದಲ್ಲಿ, ತನ್ನನ್ನು ತಾನೇ ಕೇಳಿಕೊಳ್ಳಬೇಕು: ಬೀಳುವುದಕ್ಕೆ ಒಂದು ಕ್ಷಣ ಮುಂಚೆ ಕಣ್ಣು ಎಲ್ಲಿತ್ತು? ಕೈ ಎಲ್ಲಿತ್ತು? ಮನಸ್ಸು ಎಲ್ಲಿತ್ತು? ಈ ಮೂರು ಒಂದೆಡೆ ಇದ್ದು ಬಿದ್ದವರು ಕಡಿಮೆ.

ದೃಷ್ಟಾಂತದ ಆ ಗೃಹಸ್ಥನು ಮುದುಕನಿಂದ ಗಾಲಿಗೆ ಜಾಳಿಗೆ ಹಾಕಿಸಿದನು, ಕಾಲಿಡಲು ಎರಡು ಮೆಟ್ಟಿಲು ಕೂಡಿಸಿದನು, ಹಿಂದೆ ಕೆಂಪು ಬಿಲ್ಲೆ ಹಚ್ಚಿಸಿದನು. ಗಾಯ ಮಾಯ್ದ ಮೇಲೆ ಮಗಳನ್ನು ಮತ್ತೆ ಕ್ಯಾರಿಯರಿನ ಮೇಲೆ ಕೂರಿಸುವಾಗ ಅವಳು ಹಿಂಜರಿದಳು. ಅವನು ಅವಳ ಮುಂದೆ ಕುಳಿತು, “ಅವತ್ತಿನ ತಪ್ಪು ನಂದವ್ವಾ,” ಎಂದನು. ತಂದೆಯಾದವನು ಮಗುವಿನೆದುರು ಆ ಮಾತನ್ನಾಡುವುದು ಸುಲಭವಲ್ಲ. ಆ ಮಾತು ಬಂದ ಬಳಿಕವೇ ಬಾಲೆ ತನ್ನ ಎರಡು ಪಾದಗಳನ್ನೂ ಮೆಟ್ಟಿಲಿನ ಮೇಲಿಟ್ಟು, ಅವನ ಅಂಗಿಯನ್ನು ಹಿಡಿದುಕೊಂಡಳು. ಆ ದಿನ ಅವರು ಹತ್ತು ನಿಮಿಷ ಮುಂಚಿತವಾಗಿಯೇ ಮನೆ ಬಿಟ್ಟಿದ್ದರು.

ಮೀಸೆಗೆ ಹತ್ತಿದ ಮಣ್ಣನ್ನು ಮಣ್ಣೆಂದು ಒಪ್ಪಿಕೊಳ್ಳುವುದರಲ್ಲಿ ಅಪಮಾನವಿಲ್ಲ. ಅಲ್ಲಿಂದಲೇ ಅರಿವಿನ ಆರಂಭ. ದಾರಿ ನಡೆಯುವ ಸಕಲರಿಗೂ ಸಣ್ಣ ತಪ್ಪನ್ನು ಸಣ್ಣದಿರುವಾಗಲೇ ಕಾಣುವ ಕಣ್ಣನ್ನು, ಕಂಡುದನ್ನು ತಿದ್ದಿಕೊಳ್ಳುವ ಬಲವನ್ನು ಪರಶಿವನು ಕರುಣಿಸಲಿ. ಮನೆಯಿಂದ ಹೊರಟ ಪ್ರತಿಯೊಂದು ಮಗುವೂ ಸಂಜೆ ಸುಖವಾಗಿ ಮನೆಯನ್ನು ಸೇರಲಿ.